ಎರ್ಮ್ಯಾಕ್ ಇದ್ದನಾ, ಇಲ್ವಾ? ಮಾರ್ಟಲ್ ಕಾಂಬ್ಯಾಟ್‌ನ ಅಂತೆಕಂತೆಗಳು

ಹಳದಿಚೇಳು:
ಒಂದು ಮನೆಜಗಳ ಬಿಡಿಸಿಕೊಡಿ. 1992ರ ಹೊಡೆದಾಟದ ವಿಡಿಯೋ ಆಟ, ಮೊದಲ ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಎರ್ಮ್ಯಾಕ್ ಎಂಬ ಕೆಂಪು ನಿಂಜಾ ಇದ್ದನಾ, ಇಲ್ವಾ? ನನ್ನ ಅಣ್ಣ ಕಣ್ಣಾರೆ ಕಂಡಿದ್ದೇನೆ ಎಂದು ಆಣೆ ಇಡುತ್ತಾನೆ. ಅವನ ಪ್ರಕಾರ ಕೊನೆಯ ಎದುರಾಳಿ ಶಾಂಗ್ ತ್ಸುಂಗ್‌ನನ್ನು ಒಂದೇ ಒಂದು ಏಟು ತಿನ್ನದೆ ಸೋಲಿಸಿದರೆ ಪರದೆ ಕಪ್ಪಾಗಿ, ಕೆಂಪು ಬಟ್ಟೆಯವನು ಇಳಿದು ಬರುತ್ತಾನಂತೆ. ನಾನು ಹಳೆಯ ಆಟಗಳ ಸಂಗ್ರಹ ಹಾಕಿಕೊಂಡು ಮೂರು ರಾತ್ರಿ ಕೂತೆ. ಹಳದಿ ಸಿಕ್ಕಿದ, ನೀಲಿ ಸಿಕ್ಕಿದ. ಕೆಂಪು ಸಿಗಲಿಲ್ಲ. ಇದ್ದರೆ ದಾರಿ ಹೇಳಿ. ಇಲ್ಲದಿದ್ದರೆ ಅಣ್ಣನ ಬಾಯಿ ಮುಚ್ಚಿಸೋಕೆ ಏನಾದರೂ ಕೊಡಿ.

ಆರ್ಕೇಡ್‌ಹುಳು:
ಇರಲಿಲ್ಲ. ಮೂರು ರಾತ್ರಿ ದಂಡ.

ಆದರೆ ನಿಮ್ಮ ಅಣ್ಣನನ್ನು ಪೂರ್ತಿ ಬೈಯಬೇಡಿ. ಆ ಹೆಸರು ಆ ಯಂತ್ರದ ಒಳಗೆ ನಿಜವಾಗಿಯೂ ಇತ್ತು. ಪಾತ್ರ ಇರಲಿಲ್ಲ, ಹೆಸರಿತ್ತು. ಆರ್ಕೇಡ್ ಯಂತ್ರಕ್ಕೆ ಮಾಲೀಕರು ಮಾತ್ರ ನೋಡುವ ಒಂದು ಲೆಕ್ಕದ ಪುಟ ಇರುತ್ತದೆ. ಎಷ್ಟು ನಾಣ್ಯ ಬಿತ್ತು, ಎಷ್ಟು ಆಟ ಆಯಿತು ಎಂಬ ಲೆಕ್ಕವೆಲ್ಲ ಅಲ್ಲಿ. ಮೊದಲ ಎಂಕೆಯ (ಮಾರ್ಟಲ್ ಕಾಂಬ್ಯಾಟ್ ಎಂಬುದರ ಮೊಟಕು) ನಂತರದ ಆವೃತ್ತಿಯಲ್ಲಿ ಆ ಪುಟದಲ್ಲಿ ರೆಪ್ಟೈಲ್ ಎಷ್ಟು ಸಲ ಕಾಣಿಸಿಕೊಂಡ, ಎಷ್ಟು ಸಲ ಹೋರಾಡಿದ ಎಂಬ ಸಾಲುಗಳಿದ್ದವು. ಅದರ ಹತ್ತಿರವೇ 'ಎರ್ಮ್ಯಾಕ್ಸ್' ಎಂಬ ಸಾಲು, ಮುಂದೆ ಒಂದು ಸಂಖ್ಯೆ.

ಈಗ ನೀವೇ ಯೋಚಿಸಿ. ರೆಪ್ಟೈಲ್ ಗುಪ್ತ ಪಾತ್ರ ಎನ್ನುವುದು ಆಗಲೇ ಗೊತ್ತಾಗಿದೆ. ಅವನ ಪಕ್ಕದಲ್ಲೇ ಯಾರೂ ಕೇಳದ ಇನ್ನೊಂದು ಹೆಸರು. ನೋಡಿದವನು ಏನೆಂದುಕೊಳ್ಳಬೇಕು?

ಬಿಟ್‌ಬೈಟ್:
ಪ್ರೋಗ್ರಾಮ್ ಬರೆಯುವವರಿಗೆ ಇದು ನಗು ತರಿಸುವ ಕಥೆ. ಎರ್ಮ್ಯಾಕ್ ಅಂದರೆ 'ಎರರ್ ಮ್ಯಾಕ್ರೋ' ಎಂಬುದರ ಮೊಟಕು ರೂಪ. ಪದೇ ಪದೇ ಬರೆಯಬೇಕಾದ ಸೂಚನೆಗಳನ್ನು ಒಂದು ಹೆಸರಿನಡಿ ಕಟ್ಟಿಟ್ಟರೆ ಅದು ಮ್ಯಾಕ್ರೋ. ಆಟದ ಪ್ರೋಗ್ರಾಮ್ ಬರೆದ ಎಡ್ ಬೂನ್, ಒಳಗೆ ಏನಾದರೂ ಎಡವಟ್ಟಾದರೆ ಎಣಿಸಿಡಲಿ ಎಂದು ಇದನ್ನು ಇಟ್ಟಿದ್ದರು. ಅಂದರೆ ಆ ಸಂಖ್ಯೆ ಏರಿದರೆ ಕೆಂಪು ನಿಂಜಾ ಬಂದುಹೋದ ಎಂದಲ್ಲ. ಪ್ರೋಗ್ರಾಮ್ ಎಲ್ಲೋ ಮುಗ್ಗರಿಸಿದೆ ಎಂದರ್ಥ.

ಇಂಥ ಹೆಸರುಗಳನ್ನು ನಾವು ದಿನವೂ ಇಡುತ್ತೇವೆ, ಮರೆಯುತ್ತೇವೆ. ನಾನು ಬರೆದ ಯಾವುದೋ ತಾತ್ಕಾಲಿಕ ಹೆಸರಿಗೆ ನಾಳೆ ಮುಖವಾಡ ಹಾಕಿ, ಬೆನ್ನಿಗೆ ಕಥೆ ಕಟ್ಟಿ, ಬೊಂಬೆ ಮಾಡಿ ಮಾರಿದರೆ ಹೇಗಿರುತ್ತದೆ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಹಳದಿಚೇಳು:
ಹೆಸರಿನ ಕಥೆ ಸರಿ. ಆದರೆ ಕೆಂಪು ಬಣ್ಣ ಎಲ್ಲಿಂದ ಬಂತು? ಲೆಕ್ಕದ ಪುಟದಲ್ಲಿ ಬಣ್ಣ ಬರೆದಿರಲಿಲ್ಲ ಅಲ್ವಾ?

ಆರ್ಕೇಡ್‌ಹುಳು:
ಒಳ್ಳೆಯ ಪ್ರಶ್ನೆ. ಅದಕ್ಕೆ ನಿಂಜಾಗಳನ್ನು ಮಾಡಿದ ರೀತಿ ನೋಡಬೇಕು.

ಆ ಆಟದ ಪಾತ್ರಗಳು ಕೈಯಲ್ಲಿ ಬಿಡಿಸಿದವಲ್ಲ. ನಟರನ್ನು ವಿಡಿಯೋದಲ್ಲಿ ಹಿಡಿದು, ಆ ಚಿತ್ರಗಳನ್ನೇ ಕಂಪ್ಯೂಟರಿಗೆ ಇಳಿಸಿದ್ದು. ಸ್ಕಾರ್ಪಿಯನ್, ಸಬ್-ಝೀರೋ, ರೆಪ್ಟೈಲ್ ಮೂವರೂ ಒಬ್ಬರೇ, ಡೇನಿಯಲ್ ಪೆಸಿನಾ. ಜಾನಿ ಕೇಜ್ ಕೂಡ ಅವರೇ. ಯಂತ್ರದಲ್ಲಿ ಜಾಗ ಕಡಿಮೆ. ಹಾಗಾಗಿ ಒಂದೇ ನಿಂಜಾನ ಚಿತ್ರ ಇಟ್ಟುಕೊಂಡು, ಬಟ್ಟೆಯ ಬಣ್ಣದ ಪಟ್ಟಿ ಮಾತ್ರ ಬದಲಿಸಿದರು. ಹಳದಿ ಹಾಕಿದರೆ ಸ್ಕಾರ್ಪಿಯನ್, ನೀಲಿ ಹಾಕಿದರೆ ಸಬ್-ಝೀರೋ. ಹಳದಿ, ನೀಲಿ ಬೆರೆಸಿದರೆ ಹಸಿರು. ಆ ಹಸಿರೇ ರೆಪ್ಟೈಲ್. ಅವನಿಗೆ ಇಬ್ಬರ ಪಟ್ಟುಗಳೂ ಬರುತ್ತಿದ್ದವು, ಲೆಕ್ಕ ಸರಿಯಾಯಿತು.

ಇದನ್ನು ತಿಳಿದ ಆಟಗಾರನ ತಲೆಯಲ್ಲಿ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ. ಹಾಗಾದರೆ ಕೆಂಪು? ಜೊತೆಗೆ ಯಂತ್ರ ಬಣ್ಣ ತಪ್ಪಿ ಸ್ಕಾರ್ಪಿಯನ್‌ನನ್ನು ಕೆಂಪಾಗಿ ತೋರಿಸಿತು ಎಂದು ಹೇಳುವವರೂ ಇದ್ದರು. ಆಮೇಲೆ ಅಮೆರಿಕದ ಎಲೆಕ್ಟ್ರಾನಿಕ್ ಗೇಮಿಂಗ್ ಮಂತ್ಲಿ ಪತ್ರಿಕೆಗೆ ಓದುಗರೊಬ್ಬರಿಂದ ಕೆಂಪು ನಿಂಜಾನ ಚಿತ್ರ ಬಂತು, ಅಚ್ಚಾಯಿತು. ಅದು ಬಣ್ಣ ತಿದ್ದಿದ ಚಿತ್ರ. ಆದರೆ ಅಚ್ಚಾದ ಮೇಲೆ ಕೇಳಬೇಕೇ? ಬಾಯಿಮಾತಿಗೆ ಕಾಗದದ ಸಾಕ್ಷಿ ಸಿಕ್ಕಂತಾಯಿತು.

ಕಿಟಾನಾಫ್ಯಾನ್:
ಒಂದು ಮಾತು ಸೇರಿಸುತ್ತೇನೆ. ಎರ್ಮ್ಯಾಕ್ ಮೇಲೆ ಜನ ನಂಬಿಕೆ ಇಟ್ಟಿದ್ದಕ್ಕೆ ಪೂರ್ತಿ ಕಾರಣ ರೆಪ್ಟೈಲ್. ಅವನನ್ನು ಹುಡುಕುವ ದಾರಿಯನ್ನು ಒಮ್ಮೆ ಓದಿ, ಇದು ನಿಜ ಎಂದು ಯಾರಾದರೂ ನಂಬುತ್ತಾರಾ?

ಒಬ್ಬರೇ ಆಡಬೇಕು. ಪಿಟ್ ಎಂಬ ಸೇತುವೆಯ ಮೇಲೆ ಪಂದ್ಯ ಬರಬೇಕು. ಆ ಹೊತ್ತಿಗೆ ಹಿಂದಿನ ಚಂದ್ರನ ಮುಂದೆ ಏನಾದರೂ ಹಾರಿಹೋಗಬೇಕು. ಪೊರಕೆಯ ಮೇಲೆ ಕೂತ ಮಾಟಗಾತಿ, ಸಾಂಟಾ ಕ್ಲಾಸ್‌ನ ಗಾಡಿ, ಇಂಥವು. ಎರಡು ಸುತ್ತನ್ನೂ ಒಂದು ಏಟೂ ತಿನ್ನದೆ ಗೆಲ್ಲಬೇಕು. ಏಟು ತಡೆಯುವ ಬ್ಲಾಕ್ ಬಟನ್ ಮುಟ್ಟಬಾರದು. ಕೊನೆಗೆ ಫೇಟಾಲಿಟಿ, ಅಂದರೆ ಸೋತವನನ್ನು ಕೊಲ್ಲುವ ಪಟ್ಟು, ಹೊಡೆಯಬೇಕು. ಆಗ ಸೇತುವೆಯ ಕೆಳಗಿನ ಮೊಳೆಗಳ ನಡುವೆ ಹಸಿರು ನಿಂಜಾ ಕಾದಿರುತ್ತಾನೆ. ಗೆದ್ದರೆ 1 ಕೋಟಿ ಅಂಕ.

ಇದನ್ನು ಶಾಲೆಯ ಹುಡುಗನೊಬ್ಬ ಹೇಳಿದ್ದರೆ "ಸಾಕು ಬಿಡೋ ಬುರುಡೆ" ಎನ್ನುತ್ತಿದ್ದೆವು. ಆದರೆ ಇದು ಅಕ್ಷರಶಃ ನಿಜ. ಆಟವೇ ಸುಳಿವು ಕೊಡುತ್ತಿತ್ತು. ಪಂದ್ಯಕ್ಕೆ ಮುಂಚೆ ರೆಪ್ಟೈಲ್ ಧೊಪ್ಪನೆ ಇಳಿದು, ಧೈರ್ಯವಿದ್ದರೆ ನನ್ನನ್ನು ಹುಡುಕು ಎಂದು ಹೇಳಿ ಮಾಯವಾಗುತ್ತಿದ್ದ. ಒಂದು ಸಲ ಚಂದ್ರನನ್ನು ನೋಡು ಎನ್ನುವನು. ಇನ್ನೊಂದು ಸಲ ಪಿಟ್‌ನ ತಳ ಎಂಬುದನ್ನು ಅಕ್ಷರ ಹಿಂದುಮುಂದು ಮಾಡಿ ತೋರಿಸುವನು.

ಇಷ್ಟು ವಿಚಿತ್ರವಾದದ್ದು ನಿಜವಾದ ಮೇಲೆ ಯಾವ ಸುಳ್ಳನ್ನು ಸುಳ್ಳು ಎನ್ನುವುದು?

ರ್ಯೂಶಿಷ್ಯ:
ಇದರಲ್ಲೂ ಮೊದಲು ನಾವೇ. ಸ್ಟ್ರೀಟ್ ಫೈಟರ್‌ನವರು. ಶೆಂಗ್ ಲಾಂಗ್ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಸ್ವಲ್ಪ ದಾರಿ ತಪ್ಪಿದರೂ ಪರವಾಗಿಲ್ಲ.

1991ರ ಸ್ಟ್ರೀಟ್ ಫೈಟರ್ 2ರಲ್ಲಿ ರ್ಯೂ ಗೆದ್ದಾಗ ಒಂದು ಮಾತು ಹೇಳುತ್ತಾನೆ. ಜಪಾನಿ ಮೂಲದಲ್ಲಿ ಅದು ತನ್ನ ಶೊರ್ಯುಕೆನ್ ಪಟ್ಟಿನ ಬಗ್ಗೆ. ಅದನ್ನು ದಾಟದೆ ನೀನು ಗೆಲ್ಲಲಾರೆ ಎಂಬ ಅರ್ಥ. ಇಂಗ್ಲಿಷಿಗೆ ತರುವಾಗ ಆ ಲಿಪಿಯನ್ನು ಚೀನಿ ಉಚ್ಚಾರದಲ್ಲಿ ಓದಿ, ಪಟ್ಟು ಹೋಗಿ ಮನುಷ್ಯನಾದ. 'ಶೆಂಗ್ ಲಾಂಗ್‌ನನ್ನು ಸೋಲಿಸಿದರಷ್ಟೇ ನಿನಗೆ ಅವಕಾಶ' ಎಂದಾಯಿತು. ಯಾರಪ್ಪಾ ಈ ಶೆಂಗ್ ಲಾಂಗ್?

ಮೇಲೆ ಹೇಳಿದ ಅದೇ ಪತ್ರಿಕೆ 1992ರ ಏಪ್ರಿಲ್ ಸಂಚಿಕೆಯಲ್ಲಿ ದಾರಿ ಅಚ್ಚು ಮಾಡಿತು. ರ್ಯೂ ಆಗಿ ಆಡುತ್ತಾ ಒಂದೂ ಏಟು ತಿನ್ನದೆ ಕೊನೆಯ ಎಂ. ಬೈಸನ್‌ವರೆಗೆ ಬರಬೇಕು. ಅಲ್ಲಿ ಇಬ್ಬರೂ ಏಟು ಕೊಡದೆ, ತಿನ್ನದೆ 10 ಸುತ್ತು ಸಮಬಲ ಮಾಡಬೇಕು. ಆಗ ಶೆಂಗ್ ಲಾಂಗ್ ಹಾರಿಬಂದು ಬೈಸನ್‌ನನ್ನು ಎಸೆಯುತ್ತಾನೆ. ಸುಳಿವು ಕಳಿಸಿದವರ ಹೆಸರು ಡಬ್ಲ್ಯೂ. ಎ. ಸ್ಟೋಕಿನ್ಸ್. ಬೇಗ ಬೇಗ ಹೇಳಿ ನೋಡಿ, 'ವೇಸ್ಟ್ ಟೋಕನ್ಸ್' ಎಂದು ಕೇಳಿಸುತ್ತದೆ. ಟೋಕನ್ ದಂಡ! ಡಿಸೆಂಬರ್‌ನಲ್ಲಿ ಪತ್ರಿಕೆಯವರೇ ತಮಾಷೆ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ಬೇರೆ ಪತ್ರಿಕೆಗಳೂ ಪರೀಕ್ಷೆ ಮಾಡದೆ ಅದನ್ನೇ ಅಚ್ಚು ಹಾಕಿದ್ದವು.

ಸುಮ್ನೆನೋಡ್ತೀನಿ:
ತಮಾಷೆ ಎನ್ನೋದು ಸುಲಭ. ನನಗೆ ಸಿಟ್ಟು ಬರುತ್ತದೆ. ಏಪ್ರಿಲ್‌ನಲ್ಲಿ ಹೇಳಿ ಡಿಸೆಂಬರ್‌ನಲ್ಲಿ ಒಪ್ಪಿಕೊಂಡರೆ ಮಧ್ಯದ ತಿಂಗಳುಗಳಲ್ಲಿ ಮಕ್ಕಳು ಯಂತ್ರಕ್ಕೆ ಹಾಕಿದ ನಾಣ್ಯಗಳಿಗೆ ಯಾರು ಹೊಣೆ? ಕಿವಿ ಮೇಲೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ?

ರ್ಯೂಶಿಷ್ಯ:
ಮಾರಾಯರೇ, ಅದು ಏಪ್ರಿಲ್ ಸಂಚಿಕೆ. ಹೆಸರೇ ಟೋಕನ್ ದಂಡ. ಇನ್ನೆಷ್ಟು ಬಿಡಿಸಿ ಹೇಳಬೇಕು?

ಸುಮ್ನೆನೋಡ್ತೀನಿ:
ಹತ್ತು ವರ್ಷದ ಹುಡುಗ ಹೆಸರನ್ನು ಬೇಗ ಬೇಗ ಹೇಳಿ ನೋಡುವುದಿಲ್ಲ. ಬಟನ್ ಒತ್ತಿ ನೋಡುತ್ತಾನೆ.

ಕಿಟಾನಾಫ್ಯಾನ್:
ಇಬ್ಬರೂ ಸರಿ, ಹಾಗಾಗಿ ಮುಂದೆ ಹೋಗೋಣ. ಶೆಂಗ್ ಲಾಂಗ್‌ನಿಂದ ಸಿಕ್ಕ ಲಾಭ ಹೇಳಿ. 1994ರ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋದಲ್ಲಿ ಅಕುಮಾ ಬಂದ. ಕೊನೆಯ ಪಂದ್ಯಕ್ಕೆ ಮುಂಚೆ ಧುತ್ತೆಂದು ಬಂದು ಬೈಸನ್‌ನನ್ನು ಮುಗಿಸಿ, ತಾನೇ ಎದುರು ನಿಲ್ಲುತ್ತಾನೆ. ಪತ್ರಿಕೆಯ ಸುಳ್ಳಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ.

ಈಗ ಎಂಕೆಗೆ ವಾಪಸ್ ಬರೋಣ. ಈ ಸರಣಿಯವರು ಮಾಡಿದಷ್ಟು ಯಾರೂ ಮಾಡಲಿಲ್ಲ. ಜನರ ಬಾಯಲ್ಲಿ ಓಡಾಡಿದ್ದನ್ನು ಒಂದೊಂದಾಗಿ ಹೆಕ್ಕಿ ಆಟದೊಳಗೆ ಸೇರಿಸಿದರು. ಮೊದಲು ಮಾತ್ರ ಚೆನ್ನಾಗಿ ಕಾಡಿಸಿದರು. 1993ರ ಎಂಕೆ 2ರಲ್ಲಿ ಪಂದ್ಯದ ಮುಂಚೆ ಜೇಡ್ ಎಂಬ ಹೆಣ್ಣು ನಿಂಜಾ ಕಾಣಿಸಿಕೊಂಡು ಸುಳಿವು ಹೇಳುತ್ತಾಳೆ. ಅದರಲ್ಲಿ ಒಂದು 'ಎರ್ಮ್ಯಾಕ್ ಹೂ?' ಅಂದರೆ ಯಾವ ಎರ್ಮ್ಯಾಕ್ ಎಂದು. ಇಲ್ಲ ಎಂದು ಹೇಳಿದ ಹಾಗೂ ಆಯಿತು, ಹೆಸರು ಬಾಯಲ್ಲಿ ಉಳಿಸಿದ ಹಾಗೂ ಆಯಿತು. ಅಡ್ಡಗೋಡೆ ಮೇಲೆ ದೀಪ ಇಡುವುದನ್ನು ಇವರಿಂದ ಕಲಿಯಬೇಕು.

ಬಿಟ್‌ಬೈಟ್:
1995ರ ಅಲ್ಟಿಮೇಟ್ ಮಾರ್ಟಲ್ ಕಾಂಬ್ಯಾಟ್ 3ರಲ್ಲಿ ಅವನು ನಿಜವಾಗಿಯೇ ಬಂದ. ಕೆಂಪು ಬಟ್ಟೆ, ಗುಪ್ತ ಪಾತ್ರ, ಆಟ ಮುಗಿದ ಪರದೆಯಲ್ಲಿ 10 ಚಿಹ್ನೆಗಳ ಕೋಡ್ ಹಾಕಿದರೆ ತೆರೆಯುತ್ತಾನೆ.

ಅವನಿಗೆ ಕೊಟ್ಟ ಕಥೆ ನನಗೆ ಬಹಳ ಇಷ್ಟ. ಯುದ್ಧಗಳಲ್ಲಿ ಸತ್ತ ಅನೇಕ ಯೋಧರ ಆತ್ಮಗಳು ಒಂದಾಗಿ ಹುಟ್ಟಿದವನು. ಹಾಗಾಗಿ 'ನಾನು' ಎನ್ನುವುದಿಲ್ಲ, 'ನಾವು' ಎನ್ನುತ್ತಾನೆ. ಕಂಡ ಕಂಡವರ ಬಾಯಿಂದ ಹುಟ್ಟಿದವನು ಇನ್ನೇನು ಹೇಳಬೇಕು! ಬರೆದವರು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದರು ಎಂದು ನಾನು ಹೇಳುತ್ತಿಲ್ಲ. ಆದರೆ ಇಷ್ಟು ಸರಿಯಾಗಿ ಕೂತಿದ್ದು ನೋಡಿದರೆ ಹಾಗೇ ಅನ್ನಿಸುತ್ತದೆ. ಆಮೇಲೆ 2011ರ ಆಟದಲ್ಲೂ ಇದ್ದ, 2015ರ ಎಂಕೆ ಎಕ್ಸ್‌ನಲ್ಲೂ ಇದ್ದ, 2023ರ ಎಂಕೆ 1ಕ್ಕೂ (ಹೆಸರು ಹಾಗಿದ್ದರೂ ಇದು ಹೊಸ ಆಟ) ಹೆಚ್ಚುವರಿ ಪಾತ್ರವಾಗಿ ಬಂದ. ಎಣಿಕೆ ಸಾಲಿನ ಹೆಸರಿಗೆ ಇದಕ್ಕಿಂತ ಹೆಚ್ಚಿನ ಭಾಗ್ಯ ಉಂಟೇ?

ಹಳದಿಚೇಳು:
ಇದನ್ನೆಲ್ಲ ಅಣ್ಣನಿಗೆ ಓದಿ ಹೇಳಿದೆ. "ಬೇರೆ ಆಟದ ಕಥೆ ನನಗೆ ಬೇಡ, ನಾನು ನೋಡಿದ್ದು ಮೊದಲನೆಯದರಲ್ಲೇ" ಎನ್ನುತ್ತಾನೆ. ಹಟಮಾರಿ. ಅವನಿಗೆ ಇನ್ನೂ ಕೆಲವು ನೆನಪಿವೆಯಂತೆ. ಪ್ರಾಣಿಯಾಗಿ ಬದಲಾಗಿ ಎದುರಾಳಿಯನ್ನು ತಿನ್ನುವ ಪಟ್ಟು, ಹಿಂದೆ ಸರಪಳಿಯಲ್ಲಿ ಕಟ್ಟಿದ ಸೋನ್ಯಾಳನ್ನು ಬಿಡಿಸುವ ದಾರಿ, ಆಮೇಲೆ ಬೆಂಕಿ ಹತ್ತಿದ ಮನುಷ್ಯ. ಇವುಗಳಲ್ಲಿ ನಿಜ ಯಾವುದು?

ಆರ್ಕೇಡ್‌ಹುಳು:
ನಿಮ್ಮಣ್ಣ ಒಂದು ನಡೆದಾಡುವ ಸಂಗ್ರಹಾಲಯ. ಒಂದೊಂದಾಗಿ ನೋಡೋಣ.

ಸರಪಳಿಯ ಸೋನ್ಯಾ ನಿಜ. ಎಂಕೆ 2ರ ಶಾವ್ ಕಾನ್ ಅಖಾಡದಲ್ಲಿ ಹಿಂದುಗಡೆ ಸೋನ್ಯಾ, ಕಾನೋ ಇಬ್ಬರನ್ನೂ ಕಟ್ಟಿಹಾಕಿದ್ದಾರೆ. ಮೊದಲ ಆಟದಲ್ಲಿ ಜನ ಅತಿ ಕಡಿಮೆ ಆರಿಸುತ್ತಿದ್ದ ಇಬ್ಬರು ಅವರು, ಅದಕ್ಕೇ ಕೈಬಿಟ್ಟೆವು ಎಂದು ತಯಾರಕರು ಹೇಳಿದ್ದಾರೆ. ಕೈಬಿಟ್ಟವರನ್ನು ಸುಮ್ನೆ ಬಿಡದೆ ಕಣ್ಣೆದುರು ಕಟ್ಟಿಹಾಕಿದರು. ನೋಡಿದವರು ಬಿಡಿಸಲು ದಾರಿ ಇದ್ದೇ ಇರುತ್ತದೆ ಎಂದುಕೊಂಡರು. ದಾರಿ ಇರಲಿಲ್ಲ. 1995ರ ಎಂಕೆ 3ಕ್ಕೆ ಇಬ್ಬರೂ ವಾಪಸ್ ಬಂದರು.

ಪ್ರಾಣಿಯಾಗುವ ಪಟ್ಟಿಗೆ ಆನಿಮಾಲಿಟಿ ಎಂದು ಹೆಸರು. ಎಂಕೆ 2ರ ಕಾಲದಲ್ಲಿ ಅದು ಶುದ್ಧ ಬುರುಡೆ. ಎಂಕೆ 3ರಲ್ಲಿ ಶುದ್ಧ ಸತ್ಯ. ಅದೂ ಸುಲಭವಾಗಿ ಅಲ್ಲ. ಮೂರನೆಯ ಸುತ್ತಿನ ಕೊನೆಗೆ ಸೋತು ತೂರಾಡುತ್ತಿರುವ ಎದುರಾಳಿಗೆ ಮೊದಲು 'ಮರ್ಸಿ' ತೋರಿಸಬೇಕು, ಅವನಿಗೆ ಸ್ವಲ್ಪ ಜೀವ ವಾಪಸ್ ಬರುತ್ತದೆ. ಮತ್ತೆ ಅವನನ್ನು ಸೋಲಿಸಿದ ಮೇಲಷ್ಟೇ ಪ್ರಾಣಿಯಾಗಲು ಆಗುವುದು. ಗಾಳಿಸುದ್ದಿಗಿಂತ ನಿಜವೇ ಜಾಸ್ತಿ ಸಿಕ್ಕುಸಿಕ್ಕಾಗಿದೆ.

ಬಟ್ಟೆ ಬಿಚ್ಚಿಸುವ ಪಟ್ಟು ಎಂದು ಇನ್ನೊಂದು ಇತ್ತಲ್ಲ, ಅದರ ಬಗ್ಗೆ ಕೇಳಿಲ್ಲ ನೀವು. ಕೇಳದಿದ್ದರೂ ಹೇಳಿಬಿಡುತ್ತೇನೆ. ಯಾವ ಆಟದಲ್ಲೂ ಇಲ್ಲ. ಹುಡುಗರು ಅದಕ್ಕಾಗಿ ಸವೆಸಿದ ಬಟನ್‌ಗಳ ಲೆಕ್ಕ ಬೇಡ.

ಕಿಟಾನಾಫ್ಯಾನ್:
ಬೆಂಕಿ ಮನುಷ್ಯನನ್ನು ನನಗೆ ಬಿಡಿ.

ಎಂಕೆ 2ರ ಪಿಟ್ ಸೇತುವೆಯಲ್ಲಿ ದೂರದ ಇನ್ನೊಂದು ಸೇತುವೆಯ ಮೇಲೆ ಇಬ್ಬರು ನಿಂತಿರುತ್ತಾರೆ. ಒಬ್ಬನ ಮೈಯೆಲ್ಲ ಉರಿಯುತ್ತಿರುತ್ತದೆ. ಇನ್ನೊಬ್ಬ ಸುಮ್ಮನೆ ಅವನೆದುರು. ಅಷ್ಟೇ, ಅವರು ಹಿನ್ನೆಲೆಯ ಚಿತ್ರ. ಆದರೆ ಆಟಗಾರರು ಇಬ್ಬರಿಗೂ ಹೆಸರಿಟ್ಟರು. ಉರಿಯುವವನು ಟಾರ್ಚ್, ಇನ್ನೊಬ್ಬ ಹಾರ್ನ್‌ಬಕಲ್. ತಯಾರಕರು ಸುಮ್ಮನಿರುತ್ತಾರಾ? ಜೇಡ್ ಬಾಯಲ್ಲಿ 'ಹಾರ್ನ್‌ಬಕಲ್ ಹೂ?' ಎಂದು ಹೇಳಿಸಿದರು.

2002ರ ಡೆಡ್ಲಿ ಅಲಯನ್ಸ್‌ನಲ್ಲಿ ಆ ಉರಿಯುವವನು ಬ್ಲೇಝ್ ಎಂಬ ಹೆಸರಿನಲ್ಲಿ ಗುಪ್ತ ಪಾತ್ರವಾದ. 2006ರ ಆರ್ಮಗೆಡನ್‌ನಲ್ಲಿ ಅವನೇ ಕೊನೆಯ ದೊಡ್ಡ ಎದುರಾಳಿ. ಹಿಂದುಗಡೆ ಮೂಲೆಯಲ್ಲಿ ಉರಿಯುತ್ತಿದ್ದವನು 13 ವರ್ಷದಲ್ಲಿ ಇಡೀ ಕಥೆಯ ತುದಿಗೆ ಬಂದು ನಿಂತ. ಪಾಪ ಹಾರ್ನ್‌ಬಕಲ್‌ಗೆ ಅಂಥ ಭಾಗ್ಯ ಬರಲಿಲ್ಲ.

ಹಾಗೇ ಸ್ಕಾರ್ಲೆಟ್. ಎಂಕೆ 2ರಲ್ಲಿ ಕೆಂಪು ಹೆಣ್ಣು ನಿಂಜಾ ಇದ್ದಾಳೆ ಎಂಬ ಪುಕಾರು ಇತ್ತು. ಕಿಟಾನಾ, ಮಿಲೀನಾ, ಜೇಡ್ ಮೂವರೂ ಬಣ್ಣ ಬದಲಿಸಿದ ಒಂದೇ ಚಿತ್ರ, ಹಾಗಾಗಿ ಅಲ್ಲೂ ಅದೇ ಲೆಕ್ಕ. 2011ರ ಆಟಕ್ಕೆ ಹೆಚ್ಚುವರಿ ಪಾತ್ರವಾಗಿ ಸ್ಕಾರ್ಲೆಟ್ ಬಂದಳು. ನಾನು ಮೊದಲ ದಿನವೇ ಕೊಂಡೆ, ನಾಚಿಕೆ ಏನಿಲ್ಲ.

ಸುಮ್ನೆನೋಡ್ತೀನಿ:
ಅಲ್ಲಿಗೆ ಬಂತು ನೋಡಿ ವಿಷಯ. ಮೊದಲು ಇಲ್ಲದ್ದನ್ನು ಹುಡುಕಿಸಿ ನಾಣ್ಯ ಹಾಕಿಸಿದರು. ಆಮೇಲೆ ಅದನ್ನೇ ಹೆಚ್ಚುವರಿ ಪಾತ್ರ ಮಾಡಿ ಮಾರಿದರು. ನಮ್ಮ ಕನಸನ್ನು ನಮಗೇ ಮಾರುವುದು ಎಂದರೆ ಇದೇ. ಇದನ್ನು ಅಭಿಮಾನಿಗಳ ಮೇಲಿನ ಪ್ರೀತಿ ಎನ್ನುತ್ತೀರಲ್ಲ.

ಬಿಟ್‌ಬೈಟ್:
ಅರ್ಧ ಒಪ್ಪುತ್ತೇನೆ. ಒಪ್ಪದ ಅರ್ಧ ಹೇಳುತ್ತೇನೆ.

ಅವರು ಸುಳ್ಳು ಮಾತ್ರ ಇಟ್ಟಿದ್ದರೆ ಇದು ಮೋಸ. ಆದರೆ ನಿಜವಾದ ಗುಟ್ಟುಗಳನ್ನೂ ಅಷ್ಟೇ ಇಟ್ಟಿದ್ದರು. ಎಂಕೆ 2ರಲ್ಲೇ ಮೂರು ಗುಪ್ತ ಎದುರಾಳಿಗಳು. ಬಲಗಡೆ ಮೂಲೆಯಲ್ಲಿ ಆಟದ ಧ್ವನಿ ಮಾಡಿದ ಡ್ಯಾನ್ ಫೋರ್ಡನ್ ಮುಖ ಇಣುಕಿ 'ಟೋಸ್ಟಿ!' ಎಂದ ಕ್ಷಣದಲ್ಲಿ, ಪೋರ್ಟಲ್ ಅಖಾಡದಲ್ಲಿ, ಕೆಳಗೆ ಒತ್ತಿ ಸ್ಟಾರ್ಟ್ ಹೊಡೆದರೆ ಸ್ಮೋಕ್ ಬರುತ್ತಾನೆ. ಎದುರಾಳಿಗಳ ಸಾಲಿನಲ್ಲಿ ಕಾಣುವ ಪ್ರಶ್ನಾರ್ಥಕ ಚಿಹ್ನೆಗೆ ಮುಂಚಿನ ಪಂದ್ಯದಲ್ಲಿ ಒಂದು ಸುತ್ತನ್ನು ಬರೀ ಲೋ ಕಿಕ್‌ನಿಂದ ಗೆದ್ದರೆ ಜೇಡ್. ಆರ್ಕೇಡ್‌ನಲ್ಲಿ ಸತತ 50 ಪಂದ್ಯ ಗೆದ್ದರೆ ಕಪ್ಪು ನೆರಳಿನಂಥ ನೂಬ್ ಸೈಬಾಟ್. ಅವನ ಹೆಸರು ಏನು ಗೊತ್ತಲ್ಲ? ಬೂನ್, ಟೋಬಯಾಸ್ ಎಂಬ ತಯಾರಕರ ಹೆಸರುಗಳನ್ನು ತಿರುಗಿಸಿ ಬರೆದದ್ದು. 250 ಪಂದ್ಯ ಸತತ ಗೆದ್ದರೆ ಪಾಂಗ್ ಆಟವೇ ತೆರೆಯುತ್ತಿತ್ತು. ಹೊಡೆದಾಟದ ಆಟದೊಳಗೆ ಚೆಂಡಾಟ! ಇದನ್ನು ಯಾರಾದರೂ ಕಟ್ಟಿ ಹೇಳಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಇನ್ನೊಂದು ವಿಷಯ. ಆರ್ಕೇಡ್ ಆಟಗಳನ್ನು ಮಾರಿದ ಮೇಲೂ ತಿದ್ದುತ್ತಿದ್ದರು. ಯಂತ್ರದ ಚಿಪ್ ಬದಲಿಸಿದರೆ ಹೊಸ ಆವೃತ್ತಿ. ರೆಪ್ಟೈಲ್ ಮೊದಲ ಆವೃತ್ತಿಯಲ್ಲಿ ಇರಲಿಲ್ಲ, ಆಮೇಲೆ ಸೇರಿದ. ಅಂದರೆ ಒಂದು ಕಡೆ ಹೊಸ ಚಿಪ್, ಇನ್ನೊಂದು ಕಡೆ ಹಳೆಯದು. ಹೊರಗಿನಿಂದ ಎರಡೂ ಯಂತ್ರ ಒಂದೇ ಥರ. ಒಬ್ಬ ನೋಡಿದೆ ಎನ್ನುತ್ತಾನೆ, ಇನ್ನೊಬ್ಬ ನೂರು ಸಲ ಆಡಿದೆ, ಇಲ್ಲ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ! ಇಂಥ ಕಡೆ ಗಾಳಿಸುದ್ದಿ ಬೆಳೆಯದೆ ಇನ್ನೇನು ಬೆಳೆಯುತ್ತದೆ?

ರ್ಯೂಶಿಷ್ಯ:
ಮನೆಯ ಆವೃತ್ತಿಗಳದ್ದೂ ಅದೇ ಗೋಳು. 1993ರ ಸೆಪ್ಟೆಂಬರ್ 13ರಂದು ಎಂಕೆ ಮನೆಗಳಿಗೆ ಬಂದಾಗ ಸೆಗಾ ಜೆನೆಸಿಸ್‌ನಲ್ಲಿ ಎ ಬಿ ಎ ಸಿ ಎ ಬಿ ಬಿ ಒತ್ತಿದರೆ ರಕ್ತ ಬರುತ್ತಿತ್ತು. ನಿಂಟೆಂಡೊದ್ದರಲ್ಲಿ ರಕ್ತದ ಬದಲು ಬೂದು ಬೆವರು. ಅದಕ್ಕೆ ಕೋಡ್ ಇರಲೇ ಇಲ್ಲ. ಗೆಳೆಯನ ಮನೆಯಲ್ಲಿ ರಕ್ತ ನೋಡಿ ಬಂದವನು ತನ್ನ ಯಂತ್ರದಲ್ಲಿ ಕೋಡ್ ಇಲ್ಲ ಎಂದು ಒಪ್ಪುತ್ತಾನಾ? ಇನ್ನೂ ಸಿಕ್ಕಿಲ್ಲ ಅಷ್ಟೇ ಎನ್ನುತ್ತಾನೆ.

ಆರ್ಕೇಡ್‌ಹುಳು:
ಬಿಟ್‌ಬೈಟ್ ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ಇಷ್ಟೆಲ್ಲ ಅಂತೆಕಂತೆ ಓಡಾಡಿದ ಆಟದಲ್ಲಿ, ಯಾರ ಬಾಯಿಗೂ ಬೀಳದ ಒಂದು ದೊಡ್ಡ ಗುಟ್ಟು 20 ವರ್ಷಕ್ಕೂ ಜಾಸ್ತಿ ಕಾಲ ತಣ್ಣಗೆ ಕೂತಿತ್ತು. 2016ರಲ್ಲಿ ಹೊರಗೆ ಬಂತು. ಆರ್ಕೇಡ್ ಎಂಕೆಗಳಲ್ಲಿ ಇಬ್ಬರು ಆಟಗಾರರ ಬ್ಲಾಕ್ ಬಟನ್‌ಗಳನ್ನು ಒಂದು ಕ್ರಮದಲ್ಲಿ ಇಷ್ಟಿಷ್ಟು ಸಲ ಎಂದು ಒತ್ತಿದರೆ 'ಇಜೆಬಿ' ಎಂಬ ಗುಪ್ತ ಪಟ್ಟಿ ತೆರೆಯುತ್ತದೆ. ಎಡ್ ಬೂನ್ ಹೆಸರಿನ ಮೊದಲಕ್ಷರಗಳು. ಅದರಲ್ಲಿ ಎಲ್ಲ ಪಾತ್ರಗಳ ಮುಕ್ತಾಯ ನೋಡಬಹುದು.

ಎಷ್ಟು ಜನ ಆ ಬಟನ್‌ಗಳನ್ನು ಹುಚ್ಚಾಪಟ್ಟೆ ಒತ್ತಿದ್ದಾರೆ, ಯೋಚಿಸಿ. ಒಬ್ಬರಿಗೂ ಸಿಗಲಿಲ್ಲ. ಇಲ್ಲದ ಎರ್ಮ್ಯಾಕ್‌ನನ್ನು ಸಾವಿರ ಜನ 'ನೋಡಿದರು'. ಇದ್ದ ಪಟ್ಟಿಯನ್ನು ಒಬ್ಬರೂ ನೋಡಲಿಲ್ಲ.

ಸುಮ್ನೆನೋಡ್ತೀನಿ:
ಇದು ನನಗೆ ಗೊತ್ತಿರಲಿಲ್ಲ. ಚೆನ್ನಾಗಿದೆ. ಸಿಟ್ಟು ಮಾತ್ರ ಹಾಗೇ ಇದೆ.

ಕಿಟಾನಾಫ್ಯಾನ್:
ಹಳದಿಚೇಳು ಅವರೇ, ನಿಮ್ಮ ಅಣ್ಣನಿಗೆ ಒಂದೇ ಒಂದು ಪ್ರಶ್ನೆ ಕೇಳಿ. ಕೆಂಪು ನಿಂಜಾನನ್ನು ನೋಡಿದಾಗ ಹಿಂದುಗಡೆ ಏನಿತ್ತು? ಜಾಗ ಹೇಗಿತ್ತು? ಬೇರೇನೂ ಹೇಳಿಕೊಡಬೇಡಿ.

ಹಳದಿಚೇಳು:
ಕೇಳಿದೆ. ಥಟ್ಟನೆ ಹೇಳಿದ. "ರೈಲು ನಿಲ್ದಾಣ. ಹಳಿ ಮೇಲೆ ಬಿದ್ದವನಿಗೆ ರೈಲು ಗುದ್ದಿತು. ಅದನ್ನು ಸಾಯೋವರೆಗೂ ಮರೆಯಲ್ಲ."

ಆರ್ಕೇಡ್‌ಹುಳು:
ಹಾಹಾ, ಸಿಕ್ಕಿಬಿದ್ದ!

ಕಿಟಾನಾಫ್ಯಾನ್:
ಮೊದಲ ಎಂಕೆಯಲ್ಲಿ ರೈಲೇ ಇಲ್ಲ. ಅಲ್ಲಿರುವುದು ಅಂಗಳ, ಸೇತುವೆ, ಸಿಂಹಾಸನದ ಕೋಣೆ, ಗೋರೋನ ಗುಹೆ, ಇಂಥವು. ಸಬ್‌ವೇ ನಿಲ್ದಾಣ, ಗುದ್ದುವ ರೈಲು ಬಂದದ್ದು ಎಂಕೆ 3ಕ್ಕೆ. ಅಲ್ಲಿಂದ ಅಲ್ಟಿಮೇಟ್‌ಗೂ ಬಂತು. ಅಂದರೆ ನಿಮ್ಮಣ್ಣ ನಿಜವಾದ ಎರ್ಮ್ಯಾಕ್‌ನನ್ನೇ ನೋಡಿದ್ದಾರೆ, 1995ರ ಯಂತ್ರದಲ್ಲಿ. ಯಾರೋ ಕೋಡ್ ಹಾಕಿ ತೆರೆದಿಟ್ಟಿರಬೇಕು. ಶಾಂಗ್ ತ್ಸುಂಗ್‌ನ ದಾರಿಯನ್ನು ಬೇರೆಲ್ಲೋ ಕೇಳಿರಬೇಕು. ವರ್ಷಗಳಾದ ಮೇಲೆ ಎರಡೂ ತಲೆಯಲ್ಲಿ ಒಂದಾಗಿವೆ. ಅವರು ಸುಳ್ಳು ಹೇಳುತ್ತಿಲ್ಲ. ಆಟ ಅದಲುಬದಲಾಗಿದೆ.

ಹಳದಿಚೇಳು:
ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಅದೇ ಯಂತ್ರದಲ್ಲಿ ನೇರಳೆ ನಿಂಜಾನೂ ಇದ್ದ, ಅವನನ್ನೂ ನೋಡಿದ್ದೇನೆ, ಬರೆದುಕೋ" ಎಂದ. ಇದೂ ಬುರುಡೆ ಇರಬೇಕು ಎಂದುಕೊಂಡು ನಕ್ಕೆ.

ಬಿಟ್‌ಬೈಟ್:
ನಗಬೇಡಿ! ಇದೊಂದರಲ್ಲಿ ಅವರು ನೂರಕ್ಕೆ ನೂರು ಸರಿ.

ಅವನ ಹೆಸರು ರೇನ್. ಅಲ್ಟಿಮೇಟ್ 3ರ ಆರ್ಕೇಡ್ ಯಂತ್ರ ಖಾಲಿ ನಿಂತಾಗ, ಜನರನ್ನು ಕರೆಯಲು ತಾನಾಗಿ ಆಡಿ ತೋರಿಸುವ ದೃಶ್ಯಗಳಿರುತ್ತವಲ್ಲ, ಅದರಲ್ಲಿ ನೇರಳೆ ನಿಂಜಾ ಹೋರಾಡುತ್ತಾನೆ. ಎಲ್ಲರೂ ನೋಡಬಹುದು. ಆದರೆ ಆ ಯಂತ್ರದಲ್ಲಿ ಅವನನ್ನು ಆರಿಸಲು, ತೆರೆಯಲು, ಎದುರಿಸಲು ಯಾವ ದಾರಿಯೂ ಇಲ್ಲ. ಹುಡುಕುವವರನ್ನು ಆಟ ಆಡಿಸಲೆಂದೇ ಬೂನ್ ಅವನನ್ನು ಹಾಕಿದ್ದು. ಎರ್ಮ್ಯಾಕ್ ವಿಷಯದಲ್ಲಿ ಜನ ತಾವಾಗಿ ಮೋಸಹೋದರು. ಇಲ್ಲಿ ಬೇಕೆಂದೇ ಟೋಪಿ ಹಾಕಿದರು. ಅವನು ಕೈಗೆ ಸಿಕ್ಕಿದ್ದು ಮನೆಗೆ ಬಂದ ಆವೃತ್ತಿಗಳಲ್ಲಿ, ಮತ್ತೆ 1996ರ ಮಾರ್ಟಲ್ ಕಾಂಬ್ಯಾಟ್ ಟ್ರಿಲಜಿಯಲ್ಲಿ.

ಸುಮ್ನೆನೋಡ್ತೀನಿ:
ನಾನು ಮೊದಲಿಂದ ಹೇಳುತ್ತಿರೋದು ಇನ್ನೇನು?

ಬಿಟ್‌ಬೈಟ್:
ಇದೊಂದಕ್ಕೆ ನನ್ನ ಬಳಿ ಉತ್ತರ ಇಲ್ಲ. ನಿಮ್ಮ ಕಡೆಗೇ ಒಂದು ಅಂಕ.

ಹಳದಿಚೇಳು:
ಅಣ್ಣ ಪರದೆ ಇಣುಕಿ ಇದನ್ನು ತಾನೇ ಓದಿದ. "ಇಡೀ ಒಂದು ರಜೆ ಆ ನೇರಳೆಯವನನ್ನು ಹುಡುಕಿದ್ದೆ" ಎಂದ, ಅಷ್ಟೇ. ಆಮೇಲೆ ನನ್ನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು ಮೊದಲ ಆಟ ಹಾಕಿದ. ಈಗ ರೆಪ್ಟೈಲ್ ಬೇಕಂತೆ. ಅದು ನಿಜ ಅಲ್ವಾ, ಇನ್ನೊಮ್ಮೆ ಹೇಳಿ.

ಆರ್ಕೇಡ್‌ಹುಳು:
ಅದು ನಿಜ. ಸಬ್-ಝೀರೋ ತಗೊಳ್ಳಲಿ. ಎದುರಾಳಿಯನ್ನು ಹೆಪ್ಪುಗಟ್ಟಿಸಿ ಹೊಡೆದರೆ ಏಟು ತಿನ್ನದೆ ಗೆಲ್ಲುವುದು ಸುಲಭ. ಅವನ ಫೇಟಾಲಿಟಿಗೆ ಬ್ಲಾಕ್ ಬೇಕಾಗಿಲ್ಲ. ಹತ್ತಿರ ನಿಂತು ಮುಂದೆ, ಕೆಳಗೆ, ಮುಂದೆ, ಹೈ ಪಂಚ್. ಚಂದ್ರನ ಕಡೆ ಕಣ್ಣಿರಲಿ.

ಹಳದಿಚೇಳು:
ರಾತ್ರಿ 1 ಗಂಟೆ. ಚಂದ್ರನ ಮುಂದೆ ಮಾಟಗಾತಿ ಹಾರಿದಳು, ಇಬ್ಬರೂ ಕಿರುಚಿದೆವು. ಮೊದಲ ಸುತ್ತು ಒಂದು ಏಟೂ ತಿನ್ನದೆ ಗೆದ್ದ. ಎರಡನೆಯದರಲ್ಲಿ ಕೊನೆಯ ಒಂದು ಒದೆ ಬಾಕಿ ಇತ್ತು. ಎದುರಾಳಿ ಹಾರಿದ, ಅಣ್ಣನ ಹೆಬ್ಬೆರಳು ತಾನಾಗಿ ಬ್ಲಾಕ್ ಒತ್ತಿತು.

ಮಾತಾಡಿಸಬೇಡ ಎಂದಿದ್ದಾನೆ. ಮತ್ತೆ ಶುರು ಮಾಡಿದ್ದಾನೆ.